ಬಿಳಿ ಗೀಟು

"ಅಕ್ಕಾ, ಕ್ಲಚ್ ಬಿಡಬೇಡ!" ಎಂದು ಕೂಗುತ್ತಾ ಮೆಕ್ಯಾನಿಕ್ ತಮ್ಮ ಓಡಿಬಂದು ಗ್ಯಾರೇಜಿನ ಬಾಗಿಲಿಗೆ ಅಡ್ಡ ನಿಂತ. ಅಕ್ಕನ ಕೆಂಪು ಬೈಕು ಗುಡುಗುತ್ತಿತ್ತು. ವಿದೇಶದಿಂದ ಹಡಗಿನಲ್ಲಿ ಬಂದ ಅಂಥ ಬೈಕು ಊರಿಗೆಲ್ಲ ಅದೊಂದೇ. ಹಿಂದೆ ಮಗಳು ಹೆಲ್ಮೆಟ್ ಹಾಕಿಕೊಂಡು ಅಮ್ಮನ ಸೊಂಟ ತಬ್ಬಿ ಕೂತಿದ್ದಳು.

"ಹೊರಟ ತಕ್ಷಣ ಬೆಕ್ಕಿನ ಥರ ಅಡ್ಡ ಬಂದ್ಯಲ್ಲೋ!"

"ಮುಂದಿನ ಬ್ರೇಕಿನ ಬೋಲ್ಟ್ ಯಾರು ಬದಲಾಯಿಸಿದ್ದು?"

"ನಾನೇ ಕಣೋ. ಹೊಸದು ಹಗುರ, ನೋಡೋಕೂ ಚೆಂದ. ನಿನ್ನ ಕೇಳಿದ್ರೆ ಬೇಡ ಅಂತಿದ್ದೆ. ಬಿಗಿಯಾಗೇ ಇದೆ, ಬಿಳಿ ಗೀಟು ಕಾಣಿಸ್ತಿಲ್ವಾ?"

ಆ ಗೀಟು ತಮ್ಮನದೇ ಪದ್ಧತಿ. ಬೋಲ್ಟನ್ನು ಪೂರ್ತಿ ಬಿಗಿದಾದ ಮೇಲೆ, ಅದರ ತಲೆಯಿಂದ ಪಕ್ಕದ ಲೋಹದವರೆಗೆ ಅವನು ಬಿಳಿ ಬಣ್ಣ ಎಳೆಯುತ್ತಿದ್ದ. ಗೀಟು ಬಿದ್ದದ್ದನ್ನು ಅಕ್ಕ ಎಂದೂ ಮತ್ತೆ ಮುಟ್ಟಿ ನೋಡಿದವಳಲ್ಲ. ಆದರೆ ಈ ಗೀಟು ಬೋಲ್ಟಿನ ತಲೆಯ ಮೇಲಷ್ಟೇ ಇತ್ತು. ಲೋಹದ ಮೇಲೆ ಅದರ ಸುಳಿವೇ ಇರಲಿಲ್ಲ.

"ಗೀಟು ಯಾವಾಗ ಎಳೆದೆ?"

"ಮೊದಲೇ, ಬೋಲ್ಟುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಕೊಂಡು. ಆಮೇಲೆ ಕೈಯಲ್ಲೇ ತಿರುಗಿಸಿ ಕೂರಿಸಿದೆ. ಫೋನ್ ಬಂತು, ಹೋದೆ. ವಾಪಸ್ ಬಂದು ನೋಡಿದ್ರೆ ಗೀಟಿತ್ತು, ಅದಕ್ಕೇ..."

ತಮ್ಮ ಮಂಡಿಯೂರಿದ. ಸ್ಪ್ಯಾನರ್ ತೆಗೆದುಕೊಳ್ಳಲಿಲ್ಲ. ಎರಡೇ ಬೆರಳಿಗೆ ಬೋಲ್ಟು ಸಲೀಸಾಗಿ ತಿರುಗಿ ಅವನ ಅಂಗೈಗೆ ಬಿತ್ತು.

ಅಕ್ಕ ಎಂಜಿನ್ ಆಫ್ ಮಾಡಿದಳು. "ಅಮ್ಮಾ, ಹೋಗಲ್ವಾ?" ಎಂದಳು ಮಗಳು. ಅಕ್ಕ ಸ್ಟ್ಯಾಂಡ್ ಹಾಕಿ ಇಳಿದು, ಅವಳ ಗದ್ದದ ಕೆಳಗಿನ ಹೆಲ್ಮೆಟ್ ಪಟ್ಟಿಗೆ ಕೈ ಹಾಕಿದಳು. ಎಷ್ಟು ಹೊತ್ತಾದರೂ ಆ ಬೆರಳುಗಳಿಗೆ ಅದನ್ನು ಬಿಚ್ಚಲು ಬರಲೇ ಇಲ್ಲ.