ಒಳಗಿನಿಂದ ತೆರೆಯದ ಬಾಗಿಲು

ಕಾರಿನೊಳಗೆ ಕುಳಿತಿದ್ದ ವಾರಿಜ ಎಡಗಡೆಯ ಬಾಗಿಲಿನ ಹಿಡಿಯನ್ನು ಮೂರನೆಯ ಸಲ ಎಳೆದಳು. ತೆರೆಯಲಿಲ್ಲ. ಹೊರಗೆ ಕಟಪಾಡಿಯ ಬಿಸಿಲಿನಲ್ಲಿ ಅವಳ ಗಂಡ ಯಶೋಧರ ಮಾರಾಟಕ್ಕಿದ್ದ ಆ ಹದಿನಾಲ್ಕು ವರ್ಷ ಹಳೆಯ ಕಾರಿನ ಬಾನೆಟ್ ತಟ್ಟುತ್ತಿದ್ದ.

“ಇಂಜಿನ್ ಗಟ್ಟಿ ಉಂಟು, ಮೈಲೇಜೂ ಉಂಟು. ಎಸಿ ಇಲ್ಲ, ಮತ್ತೆ ಆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಅಷ್ಟೇ,” ಎಂದ ಬ್ರೋಕರ್.

“ಅದೆಂತ ದೊಡ್ಡ ವಿಷಯ ಮಾರಾಯ! ಇನ್ನು ಇವಳಿಗೆ ಬಸ್ಸೂ ಬೇಡ, ಬಸ್ಸಿನ ಗೆಳತಿಯರೊಡನೆ ಹರಟೆಯೂ ಬೇಡ. ಕಾರ್ಕಳದ ಆಫೀಸಿಗೆ ಬಿಡುವುದೂ ಕರೆತರುವುದೂ ನಾನೇ. ಹೊರಗಿನಿಂದ ನಾನು ತೆರೆದರಾಯಿತು, ಅಲ್ವಾ?” ಯಶೋಧರ ನಕ್ಕ.

ವಾರಿಜ ಬಾಗಿಲಿನ ಹಿಡಿ ಬಿಟ್ಟಳು. ಸೀರೆಯ ನೆರಿಗೆ ಎತ್ತಿ ಹಿಡಿದು, ಗೇರ್ ದಾಟಿ, ಡ್ರೈವರ್ ಸೀಟಿಗೆ ಸರಿದಳು. ಆ ಬಾಗಿಲು ಒಮ್ಮೆಗೇ ತೆರೆಯಿತು. ಇಳಿದು ನಿಂತು ಗಂಡನನ್ನು ನೋಡಿದಳು.

“ಕಾರು ತೆಗೆದುಕೊಳ್ಳುವ. ಡ್ರೈವಿಂಗ್ ನಾನು ಕಲಿಯುತ್ತೇನೆ. ಆ ಕಡೆ ನೀವು ಕುಳಿತುಕೊಳ್ಳಿ.”