ದೋಣಿಯ ಕೈಪಂಪು

ದೋಣಿಯಲ್ಲೇ ಒಬ್ಬನೇ ವಾಸವಿದ್ದ ಮುದುಕ ಅಂಬಿಗ ಪಾಯಖಾನೆಯ ಹೊಲಸನ್ನು ಹೊರಗೆ ತಳ್ಳುವ ಕೈಪಂಪು ಬಿಚ್ಚಿ ಹೊಸ ರಬ್ಬರ್ ವಾಲ್ವು ಕೂರಿಸುತ್ತಿದ್ದ. ಹಳೆಯದು ಸವೆದು, ತಳ್ಳಿದ್ದೆಲ್ಲ ಪಾಯಖಾನೆಯ ಬೋಗುಣಿಗೇ ವಾಪಸು ಬರುತ್ತಿತ್ತು. "ಇದು ರಿಪೇರಿಯಾದ ದಿನ ಕಾಗದ ಹಾಕಣ್ಣ, ಬರ್ತೀನಿ," ಎಂದು ತಂಗಿ ಮೂಗು ಮುಚ್ಚಿಕೊಂಡೇ ಇಳಿದು ಹೋಗಿದ್ದಳು. "ರಿಪೇರಿಯಾಯಿತು, ಬಾ" ಎಂದು ಅವನು ಕಾಗದ ಬರೆದಿಟ್ಟೇ ವರ್ಷಗಳಾಗಿದ್ದವು.

"ಕರೆಂಟಿನದು ಹಾಕಿಸ್ಬಾರದಾ ಮಾವ?" ಎಂದಳು ದಡಕ್ಕೆ ಹೊರಟಿದ್ದ ಪಕ್ಕದ ದೋಣಿಯಾಕೆ.

"ಬ್ಯಾಟರಿ ಸತ್ರೆ ಅದೂ ಸಾಯುತ್ತಮ್ಮ. ಇದಕ್ಕೆ ನನ್ನ ಕೈ ಸಾಕು."

ಪಂಪು ಹೊಡೆದಾಗ ಬೋಗುಣಿ ಬರಿದಾಯಿತು. ಎಷ್ಟು ಕಾದರೂ ಒಂದು ಹನಿಯೂ ಮರಳಲಿಲ್ಲ. ಅವನಿಗೆ ಖುಷಿಗಿಂತ ಭಯವೇ ಹೆಚ್ಚಾಯಿತು. ಇಷ್ಟು ದಿನ ತಂಗಿ ಬಾರದ್ದಕ್ಕೆ ಪಂಪನ್ನು ಬೈಯುತ್ತಿದ್ದ. ಇನ್ನು ಬೈಯಲು ಏನೂ ಉಳಿದಿರಲಿಲ್ಲ.

ಕೈ ತೊಳೆದು, ಬರೆದಿಟ್ಟಿದ್ದ ಕಾಗದ ತಂದು ಪಕ್ಕದ ದೋಣಿಯಾಕೆಯತ್ತ ಚಾಚಿದ. "ಅಮ್ಮಾ, ನಿಲ್ಲು. ಇದನ್ನ ಅಂಚೆ ಡಬ್ಬಿಗೆ ಹಾಕ್ಬಿಡು, ನಾನು ವಾಪಸು ಕೇಳೋದ್ರೊಳಗೆ."