ಅಲುಗಾಡದ ಭಾವ

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಟಿವಿಯಲ್ಲಿ ಭಾವ ಬಾಯಿ ತೆರೆದವರು ಮುಚ್ಚಲೇ ಇಲ್ಲ. ಒಂದು ಕೈ ಮೇಲೆ, ಕಣ್ಣು ಅರ್ಧ ಮುಚ್ಚಿ, ಮಹಡಿಯ ವೇದಿಕೆಯ ಮೇಲೆ ಕಲ್ಲಾಗಿದ್ದರು. ಕೆಳಗಿನ ಕೋಣೆಯಲ್ಲಿ ವೈರಿಂಗ್ ಕೆಲಸದ ತಮ್ಮ, ಚಿತ್ರವೇ ನಿಂತುಹೋಯಿತೆಂದು ಬೆವರಿದ.

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಅಕ್ಕ ಮೆಟ್ಟಿಲು ಹತ್ತುವಂತಿರಲಿಲ್ಲ. ಇನ್ನೇನು ಮೇಲೆ ಅವಳ ಮಗಳ ಮೊದಲ ನಾಟಕ ಶುರುವಾಗಲಿತ್ತು. ಕೂತಲ್ಲೇ ತೋರಿಸುತ್ತೇನೆಂದು ಮಾತು ಕೊಟ್ಟ ತಮ್ಮ, ಮಹಡಿಯಿಂದ ನೆಟ್‌ವರ್ಕ್ ಕೇಬಲ್ ಎಳೆದು, ಪರೀಕ್ಷೆಗೆಂದು ಅಕ್ಕನ ಗಂಡನನ್ನು ಕ್ಯಾಮೆರಾ ಎದುರು ನಿಲ್ಲಿಸಿ ಬಂದಿದ್ದ. ಭಾವನೋ, ಕಂಡವರನ್ನೆಲ್ಲ ಅಣಕಿಸುವ ಆಸಾಮಿ.

"ಅಲ್ವೋ, ನನ್ನ ಮಗಳೂ ಹೀಗೇ ಗೊಂಬೆ ಥರ ನಿಂತ್ಬಿಟ್ರೆ?" ಅಂದಳು ಅಕ್ಕ.

"ಸುಮ್ನಿರಕ್ಕ, ಜೀವ ತಿನ್ಬೇಡ." ಕೇಬಲ್ ಕಿತ್ತ, ಪರದೆ ಕಪ್ಪಾಯಿತು. ತುದಿ ಕತ್ತರಿಸಿ, ಹೊಸ ಪ್ಲಗ್ ಕೂರಿಸಿ, ಮತ್ತೆ ಸಿಕ್ಕಿಸಿದ. ಭಾವ ಪ್ರತ್ಯಕ್ಷ: ಅದೇ ಕೈ, ಅದೇ ಬಾಯಿ. "ಕ್ಯಾಮೆರಾನೇ ಕೈ ಕೊಡ್ತು ಕಣೇ. ಮುಗೀತು ನನ್ ಕಥೆ."

ಆಗ ಭಾವನ ಮೂಗಿನ ಮೇಲೊಂದು ನೊಣ ಬಂದು ಕೂತಿತು. ಮುಂಗಾಲು ಉಜ್ಜಿಕೊಂಡು, ವಾಯುವಿಹಾರಕ್ಕೆ ಹೊರಟಂತೆ ತುದಿಯವರೆಗೂ ನಡೆಯಿತು. ಅದರ ಕಾಲಿನ ರೋಮ ಕೂಡ ಕಾಣುವಷ್ಟು ಸ್ಪಷ್ಟ ಚಿತ್ರ. ಭಾವನ ಮೂಗು ಮೆಲ್ಲಗೆ ಅದುರಿತು.

"ಅಯ್ಯೋ, ಬೇಕೂಂತ್ಲೇ ನಿಂತಿದ್ದಾರೆ ಕಣೋ ನಿಮ್ ಭಾವ!" ಅಕ್ಕ ಕಿರುಚಿದಳು.

ತಮ್ಮ ನಿರಾಳವಾಗಿ ನೆಲದ ಮೇಲೆ ಕೂತ. ಅಕ್ಕ ನಕ್ಕಳು, ಸರಿ. ಆದರೆ ಅವನು ನಕ್ಕ ಅಬ್ಬರಕ್ಕೆ ಮಹಡಿಯ ಮೇಲೆ ಭಾವ ಬೆಚ್ಚಿಬಿದ್ದದ್ದು ಕೆಳಗೆ ಬಹಳ ಚೆನ್ನಾಗಿ ಕಾಣಿಸಿತು.